ಹಳೇ ಡೆಸ್ಕ್‌ಟಾಪಿಗೆ ವೈ-ಫೈ ಕಾರ್ಡ್: ಆರಿಸುವುದು, ಕೂರಿಸುವುದು, ಕಲ್ಲುಮನೆಯಲ್ಲಿ ಸಿಗ್ನಲ್ ಹಿಡಿಯುವುದು

ಬೆಂಗಳೂರಿನ ಆಫೀಸುಗಳು ಕೈಬಿಟ್ಟ ಡೆಸ್ಕ್‌ಟಾಪುಗಳು ತುಮಕೂರು ಕಡೆಯ ಮನೆ, ಟ್ಯೂಷನ್ ಸೆಂಟರ್, ಝೆರಾಕ್ಸ್ ಅಂಗಡಿ, ಕೊಬ್ಬರಿ ಮಂಡಿಗಳಿಗೆ ಬರುವುದು ಈಗ ಮಾಮೂಲು. ಪ್ರೊಸೆಸರ್ ಗಟ್ಟಿಯಾಗಿರುತ್ತದೆ, ರ‍್ಯಾಮ್ ಸಾಕಷ್ಟಿರುತ್ತದೆ, ವೈ-ಫೈ ಮಾತ್ರ ಇರುವುದಿಲ್ಲ. ಆಫೀಸಿನಲ್ಲಿ ಅದಕ್ಕೆ ಕೇಬಲ್ ಎಳೆದಿದ್ದರು, ವೈ-ಫೈ ಬೇಕಿರಲಿಲ್ಲ. ಮನೆಗೆ ಬಂದ ಮೇಲೆ ಉಗುರಿನಷ್ಟು ದೊಡ್ಡ ಯುಎಸ್‌ಬಿ ಡಾಂಗಲ್ ಸಿಕ್ಕಿಸುತ್ತಾರೆ, ವಾರದಲ್ಲಿ ಬೇಸರವಾಗುತ್ತದೆ. ಅಷ್ಟು ಸಣ್ಣ ಡಾಂಗಲಿನೊಳಗೆ ಆಂಟೆನಾಕ್ಕೆ ಜಾಗವೇ ಇಲ್ಲ. ಮೇಲಾಗಿ ಕ್ಯಾಬಿನೆಟ್ಟಿನ ಹಿಂದೆ, ಗೋಡೆಯ ಕಡೆ ಮುಖಮಾಡಿ ಕೂತಿರುತ್ತದೆ.

ಒಳಗೆ ಕೂರಿಸುವ ಕಾರ್ಡ್ ಇದಕ್ಕಿಂತ ಎಷ್ಟೋ ಮೇಲು. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಕಾರ್ಡ್ ಕೂರಿಸುವುದು ಇಪ್ಪತ್ತು ನಿಮಿಷದ ಕೆಲಸ, ಆಂಟೆನಾಕ್ಕೆ ಸರಿಯಾದ ಜಾಗ ಹುಡುಕುವುದು ಒಂದು ಸಂಜೆಯ ಕೆಲಸ. ಹೆಚ್ಚಿನವರು ಮೊದಲನೆಯದನ್ನು ಮುಗಿಸಿ, ಎರಡನೆಯದನ್ನು ಮಾಡದೆ, ಕಾರ್ಡೇ ಸರಿಯಿಲ್ಲ ಎಂದು ವಾಪಸ್ ಕಳಿಸುತ್ತಾರೆ.

ಇನ್ನೊಂದು ಮಾತು. ರೂಟರ್ ಇರುವ ಕೋಣೆಯಲ್ಲೇ ಕಂಪ್ಯೂಟರೂ ಇದ್ದರೆ ಇದನ್ನು ಇಲ್ಲಿಗೇ ನಿಲ್ಲಿಸಿ ಒಂದು ಕ್ಯಾಟ್ 6 ಕೇಬಲ್ ತನ್ನಿ. ಕೇಬಲಿಗೆ ಸಮನಾದ ವೈ-ಫೈ ಕಾರ್ಡ್ ಇಲ್ಲ.

ಮೊದಲು ಫೋನ್ ಹಿಡಿದು ನಿಲ್ಲಿ

ಕಾರ್ಡ್ ಕೊಳ್ಳುವ ಮುಂಚೆ, ಕಂಪ್ಯೂಟರ್ ಇಡುವ ಜಾಗದಲ್ಲಿ, ಅದೇ ಎತ್ತರಕ್ಕೆ ಫೋನ್ ಹಿಡಿದು ಸಿಗ್ನಲ್ ನೋಡಿ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಸಿಗ್ನಲನ್ನು ಡಿಬಿಎಂ ಅಳತೆಯಲ್ಲಿ ತೋರಿಸುವ ಉಚಿತ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಮೈನಸ್ 50ರ ಆಸುಪಾಸು ಇದ್ದರೆ ಅತ್ಯುತ್ತಮ. ಮೈನಸ್ 67ರವರೆಗೂ ವಿಡಿಯೊ ಕಾಲ್, ಆನ್‌ಲೈನ್ ಕ್ಲಾಸ್ ಸಲೀಸು. ಮೈನಸ್ 75 ದಾಟಿದರೆ ತಿಣುಕಾಟ ಶುರು, 80 ದಾಟಿದರೆ ಬಿಟ್ಟು ಬಿಟ್ಟು ಬರುತ್ತದೆ.

ರೂಟರಿನಿಂದ ಎರಡು ಹೆಸರು ಬರುತ್ತಿವೆಯೇ ಎಂದೂ ನೋಡಿ. ಒಂದರ ಬಾಲಕ್ಕೆ 5ಜಿ ಎಂದಿದ್ದರೆ ಅದು 5 ಗಿಗಾಹರ್ಟ್ಸ್ ಪಟ್ಟಿ (ಬ್ಯಾಂಡ್); ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧವಿಲ್ಲ. ಕೆಲವು ರೂಟರುಗಳು ಎರಡು ಪಟ್ಟಿಗೂ ಒಂದೇ ಹೆಸರು ಇಟ್ಟಿರುತ್ತವೆ, ಆಗ ಅದೇ ಆ್ಯಪಿನಲ್ಲಿ ಪಟ್ಟಿ ಯಾವುದೆಂದು ಗೊತ್ತಾಗುತ್ತದೆ. ರೂಟರ್ 2.4 ಗಿಗಾಹರ್ಟ್ಸ್ ಮಾತ್ರ ಕೊಡುವಂಥದ್ದಾದರೆ ಎಷ್ಟು ದುಬಾರಿ ಕಾರ್ಡ್ ಹಾಕಿದರೂ ವೇಗ ಏರುವುದಿಲ್ಲ. ಆ ದುಡ್ಡಿಗೆ ಮೊದಲು ರೂಟರ್ ಬದಲಿಸಿ.

ಮಧುಗಿರಿ, ಪಾವಗಡ, ಶಿರಾ ಕಡೆಯ ಹಳೇ ಮನೆಗಳಲ್ಲಿ ಒಂದೂವರೆ ಅಡಿ ದಪ್ಪದ ಸೈಜುಗಲ್ಲಿನ ಗೋಡೆ, ಮೇಲೆ ಚಪ್ಪಡಿ. ಇಂಥ ಮನೆಗಳಲ್ಲಿ ಸಿಗ್ನಲ್ ಗೋಡೆಯನ್ನು ತೂರುವುದಕ್ಕಿಂತ ಹೆಚ್ಚಾಗಿ ಬಾಗಿಲು ಕಿಟಕಿಗಳ ಮೂಲಕ ಸುತ್ತಿ ಬರುತ್ತದೆ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದ್ದು ಅದರ ಅರ್ಧಕ್ಕಿಂತ ಕಡಿಮೆ. ಚಿಕ್ಕ ಅಲೆ ಕಲ್ಲಿನೊಳಗೆ ಬೇಗ ಸೋಲುತ್ತದೆ. ಅಡುಗೆಮನೆ ದಾಟಿದರೆ 5 ಗಿಗಾಹರ್ಟ್ಸ್ ಕಾಣದಿರುವುದು ಇಲ್ಲಿ ಸಹಜ.

ಯಾವ ಕಾರ್ಡ್

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ತರುವವರು ಹೊರಡುವ ಮುನ್ನ ಕ್ಯಾಬಿನೆಟ್ ಬಿಚ್ಚಿ, ಮದರ್‌ಬೋರ್ಡಿನ ಎರಡು ಫೋಟೊ ತೆಗೆದುಕೊಳ್ಳಿ: ಪೂರ್ತಿ ಬೋರ್ಡಿನದ್ದು ಒಂದು, ಸ್ಲಾಟುಗಳ ಹತ್ತಿರದ್ದು ಒಂದು. ಕಾರ್ಡಿನ ಲೋಹದ ಪಟ್ಟಿಯ ಅಳತೆ ತಪ್ಪಿತೆಂದು ಎಪ್ಪತ್ತು ಕಿಲೋಮೀಟರ್ ಮತ್ತೆ ಹೋಗಿ ಬರುವುದಕ್ಕಿಂತ ಇದು ವಾಸಿ.

ಡೆಸ್ಕ್‌ಟಾಪಿನ ಕಾರ್ಡ್ ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಮಾದರಿಯದ್ದು. ಅತಿ ಚಿಕ್ಕ ಸ್ಲಾಟ್ ಇದರದು. ಚಿಕ್ಕ ಸ್ಲಾಟ್ ಖಾಲಿ ಇಲ್ಲದಿದ್ದರೆ ಉದ್ದನೆಯ ಎಕ್ಸ್4 ಅಥವಾ ಎಕ್ಸ್16 ಸ್ಲಾಟಿನಲ್ಲೂ ಕೂರುತ್ತದೆ, ಏನೂ ತೊಂದರೆಯಿಲ್ಲ. ಹಳೇ ಬೋರ್ಡುಗಳಲ್ಲಿ ಬಿಳಿಯ ಸಾದಾ ಪಿಸಿಐ ಸ್ಲಾಟೂ ಇರುತ್ತದೆ. ಅದು ಬೇರೆ ಜಾತಿ, ಅದರಲ್ಲಿ ಈ ಕಾರ್ಡ್ ಕೂರುವುದಿಲ್ಲ. ಕಾರ್ಡಿನ ತುದಿಯ ಲೋಹದ ಪಟ್ಟಿಯ ಅಳತೆ ನೋಡಿ. ಮಾಮೂಲಿ ಟವರ್ ಕ್ಯಾಬಿನೆಟ್ಟಿಗೆ 120 ಮಿಲಿಮೀಟರಿನ ಪಟ್ಟಿ, ಆಫೀಸಿನಿಂದ ಬಂದ ಸಪೂರ ಪೆಟ್ಟಿಗೆಗೆ ಸುಮಾರು 80 ಮಿಲಿಮೀಟರಿನ ಗಿಡ್ಡ ಪಟ್ಟಿ. ಒಳ್ಳೆಯ ಕಾರ್ಡಿನ ಡಬ್ಬದಲ್ಲಿ ಎರಡೂ ಇರುತ್ತವೆ. ಡಬ್ಬ ಬಿಚ್ಚಿಸಿ ನೋಡಿಯೇ ದುಡ್ಡು ಕೊಡಿ.

ಕೆಲವು ಬೋರ್ಡುಗಳಲ್ಲಿ ವೈ-ಫೈಗೆಂದೇ ಎಂ.2 ಸ್ಲಾಟ್ ಇರುತ್ತದೆ. ಅದಕ್ಕೆ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ, 2230 ಎಂಬ ಅಳತೆಯ ಪುಟ್ಟ ಕಾರ್ಡ್ ಬೇಕು. ಅದರ ಕಚ್ಚು ‘ಇ’ ಅಥವಾ ‘ಎ+ಇ’ ಕೀ. ಪಕ್ಕದಲ್ಲೇ ಇರುವ ಎಸ್‌ಎಸ್‌ಡಿ ಸ್ಲಾಟ್ ‘ಎಂ’ ಕೀ. ಕಚ್ಚು ಬೇರೆ ಕಡೆ ಇರುತ್ತದೆ. ಒತ್ತಿ ಕೂರಿಸಲು ಹೋದರೆ ಎರಡೂ ಹಾಳು.

ಎಂ.2 ಕೊಳ್ಳುವವರು ಹೆಚ್ಚು ಮೋಸಹೋಗುವ ಜಾಗ ಇನ್ನೊಂದಿದೆ. ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಸಾಮಾನ್ಯ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು, ಯಾವ ಕಂಪನಿಯ ಪ್ರೊಸೆಸರ್ ಇದ್ದರೂ ನಡೆಯುತ್ತವೆ. ಎಎಕ್ಸ್201, ಎಎಕ್ಸ್211 ಎಂಬವು ನೋಡಲು ಅವಳಿ ಮಕ್ಕಳಂತಿದ್ದರೂ ಅರ್ಧ ಕಾರ್ಡುಗಳು. ಉಳಿದರ್ಧ ಕೆಲಸವನ್ನು ಇಂಟೆಲ್ ಚಿಪ್‌ಸೆಟ್ಟೇ ಮಾಡಬೇಕು. ಅದಕ್ಕೆ ಸಿಎನ್‌ವಿಐ ಎನ್ನುತ್ತಾರೆ. ಎಎಂಡಿ ಬೋರ್ಡಿನಲ್ಲೋ, ಆ ಸೌಲಭ್ಯವಿಲ್ಲದ ಹಳೇ ಇಂಟೆಲ್ ಬೋರ್ಡಿನಲ್ಲೋ ಹಾಕಿದರೆ ಕಾರ್ಡ್ ಇದೆ ಎಂಬುದೂ ಗೊತ್ತಾಗುವುದಿಲ್ಲ. ಕೊನೆಯ ಅಂಕಿ 0ಯೋ 1ಓ ಎಂಬುದಷ್ಟೇ ವ್ಯತ್ಯಾಸ. ಕಡಿಮೆ ಬೆಲೆಗೆ ಸಿಕ್ಕಿತೆಂದು 1 ತರಬೇಡಿ.

ವೇಗದ ವಿಷಯದಲ್ಲಿ ಅತಿಯಾಸೆ ಬೇಡ. ಎರಡು ಆಂಟೆನಾದ ವೈ-ಫೈ 5 ಕಾರ್ಡ್ 80 ಮೆಗಾಹರ್ಟ್ಸ್ ಅಗಲದ ಚಾನೆಲಿನಲ್ಲಿ ಕಾಗದದ ಮೇಲೆ 867 ಎಂಬಿಪಿಎಸ್, ವೈ-ಫೈ 6 ಕಾರ್ಡ್ 1201. ನಿಜದಲ್ಲಿ ಅದರ ಅರ್ಧದಷ್ಟು ಸಿಕ್ಕರೆ ಸಂತೋಷ. ಮನೆಯ ಫೈಬರ್ ಪ್ಲಾನ್ 100 ಎಂಬಿಪಿಎಸ್ ಇದ್ದರೆ ಎರಡೂ ಧಾರಾಳ. ನಮ್ಮ ಆಯ್ಕೆ ವೈ-ಫೈ 6: ಅಕ್ಕಪಕ್ಕ ಹತ್ತು ರೂಟರ್ ಇರುವ ಬಡಾವಣೆಯಲ್ಲಿ ಅದು ನಿಭಾಯಿಸುತ್ತದೆ. ಈ ಮನೆಗಳಿಗೆ ವೈ-ಫೈ 7 ಸದ್ಯಕ್ಕೆ ದಂಡದ ಖರ್ಚು. ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಎಎಕ್ಸ್200, 210ಕ್ಕೆ ಅಧಿಕೃತ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇಲ್ಲ. 64 ಬಿಟ್‌ನ ವಿಂಡೋಸ್ 10 ಅಥವಾ 11 ಬೇಕು. ಲಿನಕ್ಸ್ ಆದರೆ ಎಎಕ್ಸ್200ಕ್ಕೆ ಕರ್ನಲ್ 5.1, ಎಎಕ್ಸ್210ಕ್ಕೆ 5.10 ಅಥವಾ ನಂತರದ್ದು.

ಬಿಚ್ಚುವ ಮುನ್ನ

ಕಾರ್ಡಿನ ಡ್ರೈವರನ್ನು ಮೊದಲೇ ಇಳಿಸಿ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಬರಲು ನೆಟ್ ಬೇಕು. ಈ ಗಂಟಿಗೆ ಸಿಕ್ಕಿ ರಾತ್ರಿ ಕೂತವರು ಬಹಳ. ಮರೆತಿದ್ದರೆ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಗ ಫೋನೇ ನೆಟ್‌ವರ್ಕ್ ಕಾರ್ಡಾಗುತ್ತದೆ.

ಬೇಕಾಗುವುದು: 2 ನಂಬರಿನ ಪ್ಲಸ್ ಸ್ಕ್ರೂಡ್ರೈವರ್, ಎಂ.2 ಕಾರ್ಡಾದರೆ ವಾಚ್ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಕೂಡ, ಟಾರ್ಚ್, ಸ್ಕ್ರೂ ಹಾಕಿಡಲು ಒಂದು ಬಟ್ಟಲು. ಮಣಿಕಟ್ಟಿನ ಆಂಟಿ ಸ್ಟ್ಯಾಟಿಕ್ ಪಟ್ಟಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬರಿಗಾಲಲ್ಲಿ ಗಾರೆ ನೆಲದ ಮೇಲೆ ನಿಂತು, ಕೆಲಸದ ನಡುವೆ ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ. ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ನೈಲಾನ್ ಬಟ್ಟೆ ತೊಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಈ ಕೆಲಸ ಮಾಡಬೇಡಿ.

ಕೂರಿಸುವುದು

1. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ.

2. ಎಡಮಗ್ಗುಲಿನ ಹಲಗೆ ತೆಗೆದು ಕ್ಯಾಬಿನೆಟ್ಟನ್ನು ಮಲಗಿಸಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೆ ಅಂಟಿದ ಸ್ಲಾಟ್ ಬೇಡ. ಬಿಸಿಯೂ ಹೆಚ್ಚು, ಫ್ಯಾನಿಗೆ ಗಾಳಿಯೂ ತಪ್ಪುತ್ತದೆ. ಆದಷ್ಟು ಕೆಳಗಿನ ಸ್ಲಾಟ್ ಆರಿಸಿ.

3. ಆ ಸ್ಲಾಟಿನ ನೇರಕ್ಕೆ ಹಿಂದಿರುವ ತಗಡಿನ ಮುಚ್ಚಳ ಒಂದನ್ನು ಮಾತ್ರ ತೆಗೆಯಿರಿ. ತಪ್ಪಿ ಬೇರೆಯದನ್ನು ತೆಗೆದಿದ್ದರೆ ಅಲ್ಲೇ ವಾಪಸ್ ಹಾಕಿ.

4. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಬಂಗಾರ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ. ಸ್ಲಾಟಿನ ನೇರಕ್ಕೆ ಇಟ್ಟು ಎರಡೂ ತುದಿಗೆ ಸಮನಾಗಿ ಒತ್ತಿ. ಹಲ್ಲುಗಳು ಪೂರ್ತಿ ಒಳಗೆ ಹೋಗಿ, ಕಾರ್ಡಿನ ಅಂಚು ಸ್ಲಾಟಿಗೆ ಸಮಾನಾಂತರವಾಗಿ ಕಾಣಬೇಕು. ಒಂದು ತುದಿ ಮೇಲೆದ್ದಿದ್ದರೆ ಸಾಮಾನ್ಯವಾಗಿ ಪಟ್ಟಿಯ ಕೆಳತುದಿ ಬೋರ್ಡಿಗೂ ಕ್ಯಾಬಿನೆಟ್ಟಿಗೂ ನಡುವಿನ ಸಂದಿಗೆ ಇಳಿದಿಲ್ಲ ಎಂದರ್ಥ.

5. ಸ್ಕ್ರೂ ಹಾಕಿ. ಸ್ಕ್ರೂ ಬಿಗಿಯುವಾಗ ಕಾರ್ಡ್ ಎದ್ದುಬರುತ್ತಿದೆಯೇ ನೋಡಿ, ಅಗ್ಗದ ಕ್ಯಾಬಿನೆಟ್ಟುಗಳ ತಗಡು ಸೊಟ್ಟಗಿರುತ್ತದೆ.

6. ಈಗ ಎಲ್ಲರೂ ಮರೆಯುವ ವೈರ್. ಈ ಕಾರ್ಡುಗಳಲ್ಲಿ ಬ್ಲೂಟೂತ್ ಕೂಡ ಇರುತ್ತದೆ. ವೈ-ಫೈ ಸ್ಲಾಟಿನ ಮೂಲಕ ಹೋಗುತ್ತದೆ, ಬ್ಲೂಟೂತ್ ಹೋಗುವುದು ಯುಎಸ್‌ಬಿ ಮೂಲಕ. ಡಬ್ಬದಲ್ಲಿ ಬಂದ ತೆಳು ವೈರಿನ ಒಂದು ತುದಿ ಕಾರ್ಡಿಗೆ, ಇನ್ನೊಂದು ತುದಿ ಮದರ್‌ಬೋರ್ಡಿನ ಯುಎಸ್‌ಬಿ 2.0 ಪಿನ್ನುಗಳಿಗೆ. ಐದೈದರ ಎರಡು ಸಾಲು, ಮೂಲೆಯ ಒಂದು ಪಿನ್ ಇಲ್ಲ, ಒಟ್ಟು ಒಂಬತ್ತು. ಕ್ಯಾಬಿನೆಟ್ಟಿನ ಮುಂದಿನ ಆಡಿಯೊ ಜ್ಯಾಕಿನ ಪಿನ್ನುಗಳೂ ಒಂಬತ್ತೇ. ಅಲ್ಲಿ ಬಿಟ್ಟಿರುವ ಪಿನ್ ಮೂಲೆಯದ್ದಲ್ಲ, ಅದರ ಹಿಂದಿನ ಜೋಡಿಯದ್ದು. ಪ್ಲಗ್ ಸಲೀಸಾಗಿ ಇಳಿಯದಿದ್ದರೆ ಒತ್ತಬೇಡಿ, ಬೋರ್ಡಿನ ಮೇಲೆ ಅಚ್ಚಾದ ಹೆಸರು ಓದಿ.

ಎಂ.2 ಕಾರ್ಡಾದರೆ ಸ್ಲಾಟಿಗೆ ಸುಮಾರು 30 ಡಿಗ್ರಿ ಓರೆಯಲ್ಲಿ ತೂರಿಸಿ, ಕೆಳಕ್ಕೆ ಬಾಗಿಸಿ ಪುಟ್ಟ ಸ್ಕ್ರೂ ಹಾಕಬೇಕು. ಆಂಟೆನಾ ವೈರುಗಳ ತುದಿಯ ಗುಂಡಿ ಎರಡು ಮಿಲಿಮೀಟರ್ ಕೂಡ ಇಲ್ಲ. ಕಾರ್ಡಿನ ಉಂಗುರದ ಮೇಲೆ ನೇರವಾಗಿ ಕೂರಿಸಿ ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ಟಿಕ್ ಎನ್ನುತ್ತದೆ. ಟಿಕ್ ಅನ್ನದೆ ಕೂತಿದ್ದರೆ ಕೂತಿಲ್ಲ. ಓರೆಯಲ್ಲಿ ಒತ್ತಿದರೆ ಉಂಗುರ ಚಪ್ಪಟೆಯಾಗುತ್ತದೆ, ಆಮೇಲೆ ಅದು ಹಿಡಿಯುವುದೇ ಇಲ್ಲ. ಈ ಗುಂಡಿಗಳು ಮೂವತ್ತು ಸಲದಷ್ಟು ತೆಗೆದು ಹಾಕಲು ಮಾತ್ರ ಮಾಡಿದವು. ಪರೀಕ್ಷೆಗೆಂದು ಪದೇ ಪದೇ ಕೀಳಬೇಡಿ.

ಆಂಟೆನಾ: ಸಮಯವನ್ನೆಲ್ಲ ಇಲ್ಲಿ ಕೊಡಿ

ಆಂಟೆನಾಗಳನ್ನು ಕೈಬೆರಳಿನಿಂದಲೇ ಬಿಗಿ ಮಾಡಿ, ಇಕ್ಕಳ ಹಿಡಿಯಬೇಡಿ. ಕಾರ್ಡಿನ ಹಿಂದಿನ ಮೂತಿ ಆರ್‌ಪಿ-ಎಸ್‌ಎಂಎ ಜಾತಿ: ಹೊರಗೆ ಸ್ಕ್ರೂವಿನಂಥ ಮರೆ, ನಡುವೆ ಸೂಜಿಯಂಥ ಪಿನ್. ಅದಕ್ಕೆ ಹೊಂದುವ ಆಂಟೆನಾದ ನಡುವೆ ತೂತಿರಬೇಕು. ಬೇರೆ ಸಾಧನದ ಸಾದಾ ಎಸ್‌ಎಂಎ ಆಂಟೆನಾಕ್ಕೂ ಅದೇ ಮರೆ ಇರುವುದರಿಂದ ತಿರುಗಿಸಿದರೆ ಕೂರುತ್ತದೆ. ಆದರೆ ಅದರ ನಡುವೆಯೂ ಪಿನ್ ಇರುತ್ತದೆ. ಪಿನ್ನಿಗೆ ಪಿನ್ ತಾಗಿ ಎರಡೂ ಮುರಿಯಬಹುದು.

ನೇರ ನಿಲ್ಲಿಸಿದ ಕಡ್ಡಿ ಆಂಟೆನಾದ ಸಿಗ್ನಲ್ ಸುತ್ತಲೂ ಪಕ್ಕಕ್ಕೆ ಹರಡುತ್ತದೆ, ತುದಿಯಿಂದ ಮೇಲಕ್ಕೆ ಹೋಗುವುದು ಅತ್ಯಲ್ಪ. ಹಾಗಾಗಿ ರೂಟರ್ ಅದೇ ಮಹಡಿಯಲ್ಲಿದ್ದರೆ ಆಂಟೆನಾ ನೆಟ್ಟಗೆ, ಮೇಲಿನ ಮಹಡಿಯಲ್ಲಿದ್ದರೆ ಒಂದನ್ನಾದರೂ ಅಡ್ಡ ಮಲಗಿಸಿ. ಆಂಟೆನಾ ರೂಟರಿನ ದಿಕ್ಕಿಗೆ ಕೋಲಿನಂತೆ ಬೊಟ್ಟು ತೋರಿಸಬೇಕು ಎಂದು ಅನೇಕರು ತಿಳಿದಿದ್ದಾರೆ. ಅದು ಅತಿ ಕೆಟ್ಟ ಭಂಗಿ.

ಮುಖ್ಯ ತೊಂದರೆ ಕ್ಯಾಬಿನೆಟ್ಟೇ. ಅದು ಉಕ್ಕಿನ ಪೆಟ್ಟಿಗೆ, ಆಂಟೆನಾ ಅದರ ಬೆನ್ನಿಗೆ, ಬೆನ್ನು ಗೋಡೆಗೆ, ಗೋಡೆ ಕಲ್ಲಿನದ್ದು. ಪಕ್ಕದಲ್ಲಿ ಕಬ್ಬಿಣದ ಬೀರು ಬೇರೆ. ಕ್ಯಾಬಿನೆಟ್ಟನ್ನು ಮೇಜಿನ ಕೆಳಗಿಂದ ಮೇಲಕ್ಕೆತ್ತಿ, ಬೆನ್ನು ಬಾಗಿಲಿನ ಕಡೆ ಕಾಣುವಂತೆ ತಿರುಗಿಸಿ ನೋಡಿ. ಅದಾಗದಿದ್ದರೆ ಅಯಸ್ಕಾಂತದ ಬುಡವಿರುವ, ಒಂದು ಮೀಟರ್ ವೈರಿನ ಆಂಟೆನಾ ತಂದು ಮೇಜಿನ ಮೇಲೋ ಕಿಟಕಿಯ ಹಲಗೆಯ ಮೇಲೋ ಇಡಿ. ಮೂರು, ಐದು ಮೀಟರಿನ ತೆಳು ವೈರ್ ಕೊಳ್ಳಬೇಡಿ. 5 ಗಿಗಾಹರ್ಟ್ಸ್‌ನಲ್ಲಿ ವೈರಿನೊಳಗೇ ಸಿಗ್ನಲ್ ಕರಗುತ್ತದೆ, 3 ಡೆಸಿಬೆಲ್ ಹೋಯಿತೆಂದರೆ ಶಕ್ತಿಯ ಅರ್ಧ ಹೋದಂತೆ.

ಜಾಗ ಹುಡುಕುವ ಕ್ರಮ ಹೀಗೆ: ಆಂಟೆನಾ ಇಡಿ, ಕೈ ತೆಗೆಯಿರಿ, ಒಂದು ನಿಮಿಷ ಬಿಟ್ಟು ವೇಗ ಅಳೆಯಿರಿ, ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ನಾಲ್ಕು ಬೆರಳಿನಷ್ಟು ಸರಿಸಿ ಮತ್ತೆ ಅಳೆಯಿರಿ. ಗೋಡೆಗಳಿಂದ ಪುಟಿದ ಅಲೆಗಳು ಒಂದನ್ನೊಂದು ಕೂಡುವ, ಕಳೆಯುವ ಜಾಗಗಳು ಇಷ್ಟೇ ಅಂತರದಲ್ಲಿರುತ್ತವೆ. ಬಾಗಿಲು ತೆರೆದಾಗ, ಮುಚ್ಚಿದಾಗ ಎರಡೂ ಸಲ ಅಳೆಯುವುದನ್ನು ಮರೆಯಬೇಡಿ.

ಯುಎಸ್‌ಬಿ 3.0 ಹಾರ್ಡ್‌ಡಿಸ್ಕನ್ನು ಆಂಟೆನಾದ ಪಕ್ಕ ಇಡಬೇಡಿ. ಅದರ ವೈರು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಉಗುಳುತ್ತದೆ, 2012ರಲ್ಲೇ ಇಂಟೆಲ್ ಇದನ್ನು ಅಳೆದು ಪ್ರಕಟಿಸಿತ್ತು. ಫೈಲ್ ಕಾಪಿ ಮಾಡುವಾಗ ಮಾತ್ರ ಬ್ಲೂಟೂತ್ ಮೌಸ್ ತೊದಲಿದರೆ ಕಾರಣ ಇದೇ.

ಡ್ರೈವರ್ ಮತ್ತು ಸೆಟ್ಟಿಂಗ್

ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿ. ಡಿವೈಸ್ ಮ್ಯಾನೇಜರಿನ ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ಕಾರ್ಡಿನ ಹೆಸರು ಹಳದಿ ಗುರುತಿಲ್ಲದೆ ಕಾಣಬೇಕು. ಅದರ ಪ್ರಾಪರ್ಟೀಸ್ ತೆರೆದು ಅಡ್ವಾನ್ಸ್‌ಡ್‌ನಲ್ಲಿ ಪ್ರಿಫರ್ಡ್ ಬ್ಯಾಂಡ್ ಎಂಬುದನ್ನು 5 ಗಿಗಾಹರ್ಟ್ಸ್‌ಗೆ ಇಡಿ. ಕಲ್ಲುಗೋಡೆ ದಾಟಬೇಕಾದ ಮನೆಯಲ್ಲಿ 2.4ಕ್ಕೇ ಇರಲಿ. ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಕರೆಂಟ್ ಉಳಿಸಲು ಸಾಧನ ಆಫ್ ಮಾಡುವ ಅನುಮತಿಯ ಟಿಕ್ ತೆಗೆಯಿರಿ. ಹತ್ತು ನಿಮಿಷ ಸುಮ್ಮನಿದ್ದರೆ ನೆಟ್ ಹೋಗುತ್ತದೆ ಎಂಬ ದೂರು ಎಷ್ಟೋ ಸಲ ಇದೊಂದರಿಂದಲೇ ನಿಲ್ಲುತ್ತದೆ.

ನೆರೆಯವರ ಹೆಸರುಗಳೆಲ್ಲ ಕಾಣುತ್ತವೆ, ನಮ್ಮದೇ ಕಾಣುವುದಿಲ್ಲ ಎಂದಾದರೆ ರೂಟರಿನ ಚಾನೆಲ್ ನೋಡಿ. 2.4ರಲ್ಲಿ 12, 13ನೇ ಚಾನೆಲಿಗೆ ರೂಟರ್ ಹೋಗಿದ್ದರೆ ಅಮೆರಿಕದ ಸೆಟ್ಟಿಂಗಿನಲ್ಲಿ ಬಂದ ಕಾರ್ಡಿಗೆ ಅದು ಕಾಣದು. 1, 6, 11ರಲ್ಲಿ ಒಂದಕ್ಕೆ ತನ್ನಿ. 5 ಗಿಗಾಹರ್ಟ್ಸ್‌ನ 52ರಿಂದ 144ರವರೆಗಿನ ಚಾನೆಲುಗಳು ರೇಡಾರಿನ ಜೊತೆ ಹಂಚಿಕೆಯಾದವು. ರೇಡಾರ್ ಇದೆಯೆಂಬ ಸಂಶಯ ಬಂದರೂ ರೂಟರ್ ಚಾನೆಲ್ ಬಿಟ್ಟು ಓಡಬೇಕು, ಆಗ ಸಂಪರ್ಕ ತಟ್ಟನೆ ಕಡಿಯುತ್ತದೆ. 36ರಿಂದ 48 ಅಥವಾ 149ರಿಂದ 161 ನಿಶ್ಚಿಂತೆ.

ಲ್ಯಾಪ್‌ಟಾಪಿನಲ್ಲಿ

ಕ್ರಮ ಅದೇ, ಎರಡು ಎಚ್ಚರಿಕೆ ಹೆಚ್ಚು. ಹಿಂಬದಿ ಬಿಚ್ಚಿದ ತಕ್ಷಣ ಬ್ಯಾಟರಿಯ ವೈರ್ ಕಳಚಿ, ಆಮೇಲೆ ಮಿಕ್ಕದ್ದು. ಕಪ್ಪು, ಬಿಳಿ ಆಂಟೆನಾ ವೈರ್ ಯಾವುದು ಎಲ್ಲಿತ್ತೆಂದು ಕೀಳುವ ಮುನ್ನ ಫೋಟೊ ತೆಗೆಯಿರಿ. ತೀರಾ ತೆಳು ಲ್ಯಾಪ್‌ಟಾಪುಗಳಲ್ಲಿ ಕಾರ್ಡನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅದನ್ನು ಬದಲಿಸಲಾಗದು. ಹಳೆಯ ಕೆಲವು ಮಾಡೆಲುಗಳ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲೇ ಒಪ್ಪುವುದಿಲ್ಲ. ಕೊಳ್ಳುವ ಮುನ್ನ ನಿಮ್ಮ ಮಾಡೆಲ್ ಹಾಗೇ ಎಂದು ವಿಚಾರಿಸಿ.

ನೋಡಿಕೊಳ್ಳುವುದು

ತಿಪಟೂರಿನ ಕೊಬ್ಬರಿ ಅಂಗಡಿಯ ಕಂಪ್ಯೂಟರ್ ಬಿಚ್ಚಿದರೆ ಕಾಣುವುದು ಬರೀ ಧೂಳಲ್ಲ, ನಾರಿನ ಹಾಸು. ಎಣ್ಣೆ ಪಸೆ ಸೇರಿ ಅದು ಫ್ಯಾನಿಗೆ ಕಂಬಳಿಯಂತೆ ಅಂಟಿರುತ್ತದೆ. ಇಂಥಲ್ಲಿ ಮೂರು ತಿಂಗಳಿಗೊಮ್ಮೆ, ಮನೆಯಲ್ಲಿ ಆರು ತಿಂಗಳಿಗೊಮ್ಮೆ ಬ್ಲೋವರಿನಿಂದ ಊದಿ. ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿರಿ, ಗಾಳಿಯ ಭರಕ್ಕೆ ಅಡ್ಡಾದಿಡ್ಡಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ವರ್ಷಕ್ಕೊಮ್ಮೆ ಕಾರ್ಡ್ ತೆಗೆದು ಬಂಗಾರದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಕಪ್ಪಾಗಿದ್ದರೆ ಮಾತ್ರ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಪೂರ್ತಿ ಒಣಗಿಸಿ ಹಾಕಿ.

ಈ ಕೆಲಸಕ್ಕೆ ಆಯುಧಪೂಜೆಯ ಹಿಂದಿನ ದಿನ ಹೇಳಿಮಾಡಿಸಿದ್ದು. ಕುಂಕುಮ, ವಿಭೂತಿಯನ್ನು ಹಲಗೆಯ ಮೇಲೆ ಹಚ್ಚಿ, ಗಾಳಿ ಒಳಹೋಗುವ ಜಾಲರಿಯ ಮೇಲೆ ಬೇಡ. ಫ್ಯಾನ್ ಅದನ್ನು ಒಳಗೆಳೆದು ಸ್ಲಾಟುಗಳಿಗೆ ತುಂಬುತ್ತದೆ.

ಹಿಂದಿನ ತಗಡಿನ ಮುಚ್ಚಳಗಳು ಕಳೆದಿದ್ದರೆ ಹೊಸದು ಹಾಕಿಸಿ. ತೆರೆದ ಸಂದಿಯಿಂದ ಬೆಚ್ಚಗಿನ ಜಾಗ ಹುಡುಕಿ ಹಲ್ಲಿ ಒಳಗೆ ಬರುತ್ತದೆ. ಬೋರ್ಡಿನ ಎರಡು ಬಿಂದುಗಳ ನಡುವೆ ಅದು ಸತ್ತುಬಿದ್ದರೆ ಕಾರ್ಡಷ್ಟೇ ಅಲ್ಲ, ಬೋರ್ಡೂ ಹೋದೀತು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪವರ್ ಪ್ಲಗ್ ಕಿತ್ತಿಡಿ. ಸಿಗ್ನಲ್ ಚೆನ್ನಾಗಿ ಬರಲೆಂದು ಈ ಕಾರ್ಡಿನ ಆಂಟೆನಾವನ್ನು ತಾರಸಿಗೆ ಏರಿಸುವ ಕೆಲಸವಂತೂ ಬೇಡವೇ ಬೇಡ. ಸಿಡಿಲಿನಿಂದ ಅದಕ್ಕೆ ಯಾವ ರಕ್ಷಣೆಯೂ ಇಲ್ಲ.

ಕೆಟ್ಟಾಗ ಹುಡುಕುವ ದಾರಿ

ನಿನ್ನೆಯವರೆಗೆ ಇದ್ದ ಕಾರ್ಡ್ ಇವತ್ತು ಡಿವೈಸ್ ಮ್ಯಾನೇಜರಿನಲ್ಲಿ ಕಾಣುತ್ತಿಲ್ಲ, ಅಥವಾ ಕೋಡ್ 10 (ಸಾಧನ ಶುರುವಾಗುತ್ತಿಲ್ಲ) ಎನ್ನುತ್ತಿದೆ. ಕರೆಂಟ್ ಹೋಗಿ ಬಂದ ಮೇಲೆ ಇದು ಹೆಚ್ಚು. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನನ್ನು ಮೂವತ್ತು ಸೆಕೆಂಡ್ ಒತ್ತಿಹಿಡಿದು ಮತ್ತೆ ಹಾಕಿ. ಬರೀ ರೀಸ್ಟಾರ್ಟ್ ಮಾಡಿದರೆ ಸ್ಲಾಟಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಕಾರ್ಡಿನ ತಲೆ ತಣ್ಣಗಾಗುವುದಿಲ್ಲ. ಇದು ಮರುಕಳಿಸಿದರೆ ಪವರ್ ಆಪ್ಷನ್ಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಹಾಗೂ ಕಾಣದಿದ್ದರೆ ಕಾರ್ಡನ್ನು ಬೇರೆ ಸ್ಲಾಟಿಗೆ ಬದಲಿಸಿ. ಕೆಲವು ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದ ಕೂಡಲೇ ಒಂದು ಎಕ್ಸ್1 ಸ್ಲಾಟ್ ಬಂದ್ ಆಗುತ್ತದೆ. ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ವೈ-ಫೈ ಇದೆ, ಬ್ಲೂಟೂತ್ ಇಲ್ಲ ಎಂದರೆ ಆ ತೆಳು ಯುಎಸ್‌ಬಿ ವೈರ್ ನೋಡಿ.

ಸಿಗ್ನಲ್ ಒಮ್ಮೆಲೇ ಕುಸಿದಿದ್ದರೆ ಆಂಟೆನಾ ಬಿಚ್ಚಿ ಮತ್ತೆ ಹಾಕಿ. ರೂಟರಿನಿಂದ ಎರಡು ಮೀಟರ್ ದೂರದಲ್ಲೂ ಮೈನಸ್ 70 ಎಂದೇ ತೋರಿಸುತ್ತಿದ್ದರೆ ಆಂಟೆನಾದ ದಾರಿಯಲ್ಲಿ ಎಲ್ಲೋ ಕಡಿದಿದೆ: ಒಳಗಿನ ಪುಟ್ಟ ಗುಂಡಿ ಎದ್ದಿರುತ್ತದೆ, ಇಲ್ಲವೇ ವೈರ್ ಹಲಗೆಯ ಅಂಚಿಗೆ ಸಿಕ್ಕಿ ಜಜ್ಜಿರುತ್ತದೆ. ಹತ್ತಿರದಲ್ಲಿ ಮೈನಸ್ 40 ಬಂದು, ಕಂಪ್ಯೂಟರಿನ ಜಾಗದಲ್ಲಿ ಮಾತ್ರ ಬೀಳುತ್ತಿದ್ದರೆ ಕಾರ್ಡಿನಲ್ಲಿ ದೋಷವಿಲ್ಲ. ಅಳತೆ ಬರೆದ ಚೀಟಿ ತೆಗೆದುಕೊಂಡು ಮತ್ತೆ ಆಂಟೆನಾದ ಜಾಗ ಹುಡುಕಿ. ಅಲ್ಲೂ ಸಿಗದಿದ್ದರೆ ಸರಿಸಬೇಕಾದ್ದು ರೂಟರನ್ನು, ನಡುಮನೆಯ ಬಾಗಿಲಿನ ನೇರಕ್ಕೆ.